ಮೋಟಾರು ಗಾಡಿಯ ತಿರುಗುಸಾಧನ: ಅದರ ಇತಿಹಾಸವೂ ಮಾರ್ಪಾಟಿನ ವಿವೇಕವೂ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಮನುಷ್ಯನು ದಿನಬಳಕೆಗೆಂದು ನಿರ್ಮಿಸಿಕೊಂಡ ಯಂತ್ರಗಳೂ ಒಂದು ಬಗೆಯ ಆಕರಗಳೇ ಆಗಿವೆ. ಅವುಗಳ ಒಂದೊಂದು ಅವಯವದ ಆಕಾರದಲ್ಲಿಯೂ ಹಿಂದಿನವರು ಎದುರಿಸಿದ ತೊಡಕೂ ಅದಕ್ಕೆ ಕಂಡುಕೊಂಡ ಪರಿಹಾರವೂ ಅಡಗಿರುತ್ತವೆ. ಪ್ರಸ್ತುತ ಲೇಖನದಲ್ಲಿ ಸ್ಟೀರಿಂಗ್ ಎಂದು ಕರೆಯಲ್ಪಡುವ ತಿರುಗುಸಾಧನವನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ತಮ್ಮ ಗಾಡಿಯನ್ನು ಇಚ್ಛೆಗೆ ತಕ್ಕಂತೆ ಮಾರ್ಪಡಿಸುವವರು ಯಾವ ನಿಯಮಗಳನ್ನು ಮೀರಬಾರದೆಂಬುದನ್ನು ವಿಚಾರ ಮಾಡಲಿದ್ದೇವೆ.

೧. ನಾಲ್ಕು ಗಾಲಿಗಳ ಸಮಸ್ಯೆ

ಎರಡು ಗಾಲಿಯ ಎತ್ತಿನ ಗಾಡಿಗೆ ತಿರುಗುವುದು ಕಷ್ಟವಲ್ಲ. ಎತ್ತುಗಳು ತಿರುಗಿದೆಡೆಗೆ ಅದೂ ತಿರುಗುತ್ತದೆ. ಗಾಲಿಗಳು ನಾಲ್ಕಾದೊಡನೆ ತೊಡಕು ಹುಟ್ಟುತ್ತದೆ. ನಮ್ಮ ದೇವಾಲಯಗಳ ರಥಗಳ ಅಚ್ಚು ಅಚಲವಾದುದರಿಂದ, ಗಾಲಿಗೆ ಮರದ ಬೆಣೆಗಳನ್ನು ಕೊಟ್ಟು ಅವುಗಳ ದಿಕ್ಕನ್ನು ಬದಲಿಸಬೇಕಾಗುತ್ತದೆ. ಐರೋಪ್ಯ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನೇ ನಡುವಣ ಕೀಲಿನ ಮೇಲೆ ತಿರುಗಿಸುತ್ತಿದ್ದರು. ಹೀಗೆ ತಿರುಗಿಸಿದಾಗ ಗಾಡಿಯ ಆಧಾರವು ಕಿರಿದಾಗಿ, ಅದು ಮಗುಚುವ ಭಯವಿತ್ತು.

ಮ್ಯೂನಿಕ್ ನಗರದ ಸಾರೋಟು ನಿರ್ಮಾಪಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಎಂಬಾತನು ಅಚ್ಚನ್ನು ಅಲುಗಾಡಿಸದೆ, ಎರಡು ಗಾಲಿಗಳನ್ನೂ ಬೇರೆ ಬೇರೆ ಕೀಲುಗಳ ಮೇಲೆ ತಿರುಗಿಸುವ ವಿಧಾನವನ್ನು ರೂಪಿಸಿದನು. ಲಂಡನ್ನಿನಲ್ಲಿ ಅವನ ಪ್ರತಿನಿಧಿಯಾಗಿದ್ದ ರುಡಾಲ್ಫ್ ಆಕರ್‌ಮನ್ ೧೮೧೮ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇದೇ ಕಲ್ಪನೆಯು ಹದಿನೆಂಟನೆಯ ಶತಮಾನದಲ್ಲಿಯೇ ಚಾರ್ಲ್ಸ್ ಡಾರ್ವಿನ್ನನ ಅಜ್ಜನಾದ ಎರಾಸ್ಮಸ್ ಡಾರ್ವಿನ್ನನಿಗೆ ಹೊಳೆದಿತ್ತು. ಆದರೂ ಹೆಸರು ಉಳಿದುದು ಪೇಟೆಂಟು ಪಡೆದವನದು.

ಈ ತತ್ತ್ವದ ಸಾರ ಇಷ್ಟು: ತಿರುವಿನಲ್ಲಿ ಒಳಗಿನ ಗಾಲಿಯ ಹಾದಿ ಕಿರಿಯ ವೃತ್ತ, ಹೊರಗಿನದು ಹಿರಿಯ ವೃತ್ತ, ಆದುದರಿಂದ ಒಳಗಾಲಿ ಹೆಚ್ಚು ಕೋನದಲ್ಲಿ ತಿರುಗಬೇಕು. ಅಚ್ಚುಗಳ ನಡುವೆ ೧೦೬ ಅಂಗುಲ, ಎರಡು ಕೀಲುಗಳ ನಡುವೆ ೫೦ ಅಂಗುಲ ಅಂತರವಿರುವ ಗಾಡಿಯಲ್ಲಿ ಒಳಗಾಲಿ ೩೦ ಅಂಶ ತಿರುಗಿದರೆ ಹೊರಗಾಲಿ ಸುಮಾರು ೨೪ ಅಂಶ ಮಾತ್ರ ತಿರುಗಬೇಕು. ಗಾಲಿಯ ಕೀಲಿನಿಂದ ಹಿಂದಕ್ಕೆ ಚಾಚಿದ ತೋಳುಗಳನ್ನು ಒಳಮುಖವಾಗಿ ಓರೆಮಾಡಿ, ಅವುಗಳ ರೇಖೆಗಳು ಹಿಂದಿನ ಅಚ್ಚಿನ ನಡುವೆ ಕೂಡುವಂತೆ ಇಟ್ಟರೆ ಈ ವ್ಯತ್ಯಾಸವು ಬಹುಮಟ್ಟಿಗೆ ತಾನಾಗಿಯೇ ಒದಗುತ್ತದೆ. ಆ ಓರೆಯು ಅಲಂಕಾರವಲ್ಲ, ಲೆಕ್ಕಾಚಾರ.

ಮೋಟಾರು ಗಾಡಿಯ ಜನಕನೆನಿಸಿದ ಕಾರ್ಲ್ ಬೆಂಜನ ೧೮೮೬ರ ಗಾಡಿಗೆ ಮೂರೇ ಗಾಲಿಗಳಿದ್ದವು. ೧೮೯೩ರ ಅವನ ವಿಕ್ಟೋರಿಯಾ ಗಾಡಿಯಲ್ಲಿ ನಾಲ್ಕು ಗಾಲಿಗಳೂ ಈ ಬಗೆಯ ತಿರುಗುಸಾಧನವೂ ಬಂದವು. ೧೮೯೪ರ ಪ್ಯಾರಿಸ್–ರೂವಾನ್ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಶೆರೋನ್ ಹಿಡಿಗೋಲಿಗೆ ಬದಲಾಗಿ ಕೈಚಕ್ರವನ್ನು ಬಳಸಿದನು.

೨. ಕ್ಯಾಲಿಫೋರ್ನಿಯಾದ ಪಾಠ

೧೯೩೦ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಫೋರ್ಡ್ ಗಾಡಿಗಳನ್ನು ಹಗುರಗೊಳಿಸಿ, ಒಣಗಿದ ಕೆರೆಯಂಗಳಗಳಲ್ಲಿ ವೇಗವನ್ನು ಪರೀಕ್ಷಿಸುತ್ತಿದ್ದರು. ಇವುಗಳಿಗೆ ‘ಹಾಟ್ ರಾಡ್’ ಎಂಬ ಹೆಸರು ಬಂದಿತು. ೧೯೩೨ರ ಫೋರ್ಡ್ ಇವರ ಮೆಚ್ಚಿನ ಗಾಡಿಯಾಯಿತು. ಅದರ ಮುಂಭಾಗವನ್ನು ತಗ್ಗಿಸಲೆಂದು ಅಚ್ಚಿನ ತುದಿಗಳನ್ನು ಕಾಯಿಸಿ ಎಳೆದು, ನಡುಭಾಗವು ಕೆಳಗಿಳಿಯುವಂತೆ ಮಾಡುವುದು ರೂಢಿಯಾಯಿತು.

ಒಂದು ಬದಲಾವಣೆಯು ಇನ್ನೊಂದನ್ನು ಹೇಗೆ ಎಳೆತರುತ್ತದೆಂಬುದಕ್ಕೆ ಇದೇ ನಿದರ್ಶನ. ಅಚ್ಚು ತಗ್ಗಿದರೆ ಎರಡು ಗಾಲಿಗಳನ್ನು ಜೋಡಿಸುವ ಟೈ ರಾಡ್ ಅಚ್ಚನ್ನು ಹಿಡಿದಿರುವ ರೇಡಿಯಸ್ ರಾಡುಗಳಿಗೆ ತಾಗುತ್ತದೆ. ಅದನ್ನು ತಪ್ಪಿಸಲು ತೋಳುಗಳನ್ನು ಕಾಯಿಸಿ ಬಗ್ಗಿಸಬೇಕು. ಕೆಂಪಗೆ ಕಾದ ಉಕ್ಕನ್ನು ಅವಸರದಿಂದ ನೀರಿಗೆ ಅದ್ದಿದರೆ ಅದು ಪೆಡಸಾಗಿ, ಮುಂದೊಂದು ದಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು. ತೋಳುಗಳನ್ನು ಬಗ್ಗಿಸದೆ ಟೈ ರಾಡನ್ನು ಅಚ್ಚಿನ ಮುಂದಕ್ಕೆ ಸಾಗಿಸಿದರೆ ಆಕರ್‌ಮನ್ ತತ್ತ್ವವೇ ತಲೆಕೆಳಗಾಗಿ, ಹೊರಗಾಲಿ ಹೆಚ್ಚು ತಿರುಗತೊಡಗುತ್ತದೆ.

ಇನ್ನೂ ಸೂಕ್ಷ್ಮವಾದ ದೋಷವೊಂದಿದೆ. ಅದಕ್ಕೆ ‘ಬಂಪ್ ಸ್ಟೀರ್’ ಎನ್ನುತ್ತಾರೆ. ಗಾಡಿಯು ಉಬ್ಬುತಗ್ಗಿನಲ್ಲಿ ಸಾಗುವಾಗ ಅಚ್ಚು ರೇಡಿಯಸ್ ರಾಡಿನ ಹಿಂದಣ ಕೀಲನ್ನು ಕೇಂದ್ರವಾಗಿಟ್ಟುಕೊಂಡು ಕಮಾನಿನಂತೆ ಏರಿಳಿಯುತ್ತದೆ. ಗಾಲಿಯನ್ನು ತಳ್ಳುವ ಡ್ರ್ಯಾಗ್ ಲಿಂಕಿನ ಮುಂತುದಿಯೂ ತನ್ನ ಕೀಲಿನ ಸುತ್ತ ಬೇರೊಂದು ಕಮಾನಿನಲ್ಲಿ ಚಲಿಸುತ್ತದೆ. ಈ ಎರಡು ಕಮಾನುಗಳು ಹೊಂದದಿದ್ದರೆ ಚಾಲಕನು ಚಕ್ರವನ್ನು ಅಲುಗಿಸದಿದ್ದರೂ ಗಾಲಿಗಳು ತಾವಾಗಿ ತಿರುಗುತ್ತವೆ. ಎರಡು ದಂಡಗಳನ್ನೂ ಸಾಧ್ಯವಾದಷ್ಟು ಸಮಾಂತರವಾಗಿ, ಹಿಂದಣ ಕೀಲುಗಳು ಹತ್ತಿರವಿರುವಂತೆ ಜೋಡಿಸುವುದೇ ಇದಕ್ಕೆ ಪರಿಹಾರ.

೩. ಚಾಲಕನ ಎದೆಯ ಮುಂದಿನ ದಂಡ

ಹಳೆಯ ಗಾಡಿಗಳಲ್ಲಿ ಕೈಚಕ್ರದಿಂದ ಹೊರಟ ಒಂದೇ ಗಟ್ಟಿ ದಂಡವು ಮುಂಭಾಗದವರೆಗೂ ಸಾಗುತ್ತಿತ್ತು. ಡಿಕ್ಕಿಯಾದಾಗ ಅದು ಈಟಿಯಂತೆ ಚಾಲಕನ ಎದೆಯತ್ತ ನುಗ್ಗುತ್ತಿತ್ತು. ಒತ್ತಡಕ್ಕೆ ಕುಗ್ಗುವ ದಂಡಗಳು ೧೯೬೭ರ ಮಾದರಿಯ ಅಮೆರಿಕದ ಗಾಡಿಗಳಲ್ಲಿ ವ್ಯಾಪಕವಾಗಿ ಬಂದವು. ಗಂಟೆಗೆ ೩೦ ಮೈಲಿ ವೇಗದ ಡಿಕ್ಕಿಯಲ್ಲಿ ದಂಡವು ೫ ಅಂಗುಲಕ್ಕಿಂತ ಹೆಚ್ಚು ಹಿಂದಕ್ಕೆ ಸರಿಯಬಾರದೆಂಬ ನಿಯಮವು ೧೯೬೮ರಲ್ಲಿ ಅಲ್ಲಿ ಜಾರಿಗೆ ಬಂದಿತು. ಕುಗ್ಗುವ ದಂಡವನ್ನು ತೆಗೆದು ಅಂದಕ್ಕಾಗಿ ಗಟ್ಟಿ ಕೊಳವೆಯನ್ನು ಜೋಡಿಸುವವನು ಈ ಪಾಠವನ್ನು ಅಳಿಸಿಹಾಕುತ್ತಾನೆ.

ದಂಡವು ಎಂಜಿನ್ನನ್ನು ಬಳಸಿ ಸಾಗಬೇಕಾದಾಗ ಸಾರ್ವತ್ರಿಕ ಸಂಧಿಗಳು ಅಗತ್ಯ. ೩೦ ಅಂಶ ಬಾಗಿದ ಒಂಟಿ ಸಂಧಿಯಲ್ಲಿ, ಕೈಚಕ್ರವು ಸಮವೇಗದಿಂದ ತಿರುಗಿದರೂ ಕೆಳದಂಡದ ವೇಗವು ಅದರ ೦.೮೭ರಿಂದ ೧.೧೫ ಪಟ್ಟಿನವರೆಗೆ ಏರಿಳಿಯುತ್ತದೆ. ಸಮಕೋನದ ಎರಡು ಸಂಧಿಗಳನ್ನು ಸರಿಯಾದ ಹೊಂದಿಕೆಯಲ್ಲಿ ಇಟ್ಟರೆ ಒಂದರ ದೋಷವನ್ನು ಇನ್ನೊಂದು ನೀಗುತ್ತದೆ. ಸಂಧಿಗಳು ಮೂರಾದರೆ ನಡುವೆ ಆಧಾರದ ಬೇರಿಂಗ್ ಇರಲೇಬೇಕು.

೪. ಪಾಲಿಸಬೇಕಾದ ಎಚ್ಚರಿಕೆಗಳು

ಬಡಿದು ರೂಪಿಸಿದ ಉಕ್ಕಿನ ತೋಳುಗಳನ್ನು ಬೆಸೆಯಬಾರದು. ಸಿದ್ಧಪಡಿಸಿದ ಸರಿಯಾದ ತೋಳನ್ನೇ ತರಬೇಕು. ಬಾಲ್ ಜಾಯಿಂಟಿನ ಓರೆಯೂ ಅದು ಕೂಡುವ ರಂಧ್ರದ ಓರೆಯೂ ಒಂದೇ ಆಗಿರಬೇಕು. ಪ್ರತಿಯೊಂದು ನಟ್ಟಿಗೂ ಕಾಟರ್ ಪಿನ್ನಿನಂತಹ ತಡೆ ಇರಬೇಕು. ಸ್ಪ್ರಿಂಗು ಪೂರ್ತಿ ಒತ್ತಿದಾಗಲೂ ಪೂರ್ತಿ ಚಾಚಿದಾಗಲೂ ಚಕ್ರವನ್ನು ಎರಡು ಕೊನೆಗಳವರೆಗೆ ತಿರುಗಿಸಿ, ಯಾವುದೂ ತಾಗುವುದಿಲ್ಲವೆಂದು ನೋಡಬೇಕು. ಕೊನೆಗೆ, ನುರಿತ ಬೇರೊಬ್ಬರಿಂದ ಪರೀಕ್ಷೆ ಮಾಡಿಸಬೇಕು; ಮಾಡಿದವನ ಕಣ್ಣಿಗೆ ತನ್ನ ತಪ್ಪು ಬೇಗನೆ ಕಾಣದು.

ನಮ್ಮ ದೇಶದಲ್ಲಿ ಇನ್ನೊಂದು ಮಿತಿಯೂ ಇದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನೋಂದಣಿಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ.

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ತಿರುಗುಸಾಧನ ಕೆಟ್ಟರೆ ಗಾಡಿ ನಿಲ್ಲದೆ ದಿಕ್ಕುಗೆಡುತ್ತದೆ. ಅದರ ಫಲವನ್ನು ಹಾದಿಹೋಕನೂ ಅನುಭವಿಸಬೇಕಾಗುತ್ತದೆ. ಶಾಸನದ ಸಾಲನ್ನು ಓದದೆಯೇ ಕಲ್ಲನ್ನು ಕೆತ್ತಿಹಾಕುವವನನ್ನು ನಾವು ಕ್ಷಮಿಸುವುದಿಲ್ಲ. ಯಂತ್ರದ ಅವಯವವನ್ನು ತಿದ್ದಲು ಹೊರಡುವವನೂ ಅದು ಏಕೆ ಹಾಗಿದೆಯೆಂಬುದನ್ನು ಮೊದಲು ಓದಿಕೊಳ್ಳಬೇಕು.