ಆವತಣಕ್ಕೂ ಔತಣಕ್ಕೂ ಎಪ್ಪತ್ತು ಕಿಲೋಮೀಟರ್

ವಿಡಿಯೊದಲ್ಲಿ ರೆಕ್ಕೆಯಿದ್ದ ಕುದುರೆಯೊಂದು ಮೋಡದಿಂದ ಇಳಿದು ಬಂತು. ಬೆನ್ನ ಮೇಲೆ ಕುಳಿತವಳು ನನ್ನ ಮಗಳ ಎರಡನೇ ಕ್ಲಾಸಿನ ಗೆಳತಿ. ಹಿಂದೆ ಇಂಗ್ಲಿಷ್ ಹಾಡು, ಮುಂದೆ ತಾರೀಖು, ತಿಳಿಬಣ್ಣದ ಉಡುಪಿನಲ್ಲೇ ಬರಬೇಕೆಂಬ ಸೂಚನೆ, ಕೊನೆಗೊಂದು ಲೊಕೇಶನ್. ಒತ್ತಿ ನೋಡಿದರೆ ಲೋಣಾವಳದ ಆಚೆ, ಗುಡ್ಡದ ಮಗ್ಗುಲಿನ ರೆಸಾರ್ಟ್. ನಾವಿರುವುದು ಪುಣೆಯ ಮಾರ್ಕೆಟ್ ಯಾರ್ಡಿನ ಬೆನ್ನಿಗೆ, ಬಿಬವೇವಾಡಿಯ ಕಡೆ. ಹೆಚ್ಚೂಕಡಿಮೆ ಎಪ್ಪತ್ತು ಕಿಲೋಮೀಟರ್. ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಕ್ಲಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಆಗಲೇ ಬಲೂನುಗಳೂ ಕೆಂಪು ಹೃದಯಗಳೂ ಹಾರಾಡತೊಡಗಿದವು. ‘ಹೇಗೆ ಬರೋದು?’ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಮನೆಯಲ್ಲಿ ಕಾರಿಲ್ಲವೆಂದೋ, ಇದ್ದೂ ಪೆಟ್ರೋಲಿಗೆ ಹಿಂದೆಮುಂದೆ ನೋಡುವವರೆಂದೋ ಆಗಿಬಿಡುತ್ತದೆ. ನಾನೂ ಒಂದು ಕೇಕಿನ ಚಿತ್ರ ಒತ್ತಿ ಸುಮ್ಮನಾದೆ. ವಿಜಯಪುರದಿಂದ ಬಂದಿದ್ದ ನಮ್ಮತ್ತೆ ಮಾತ್ರ ವಿಡಿಯೊವನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು ಕೇಳಿದರು: “ಅಲ್ಲ, ಗಾಡಿ ಅವರ ಕಳಸ್ತಾರೇನು?”

ಅತ್ತೆಗೆ ಅದು ಸಹಜವಾದ ಪ್ರಶ್ನೆ. ಅವರು ಬೆಳೆದ ಕಡೆ ಪರವೂರಿನ ಕಾರ್ಯಕ್ಕೆ ಕರೆದವರು ಬಂಡಿ ಹೂಡಿ ಕಳಿಸುತ್ತಿದ್ದರು. ಆಮೇಲೆ ಟ್ರ್ಯಾಕ್ಟರಿನ ಟ್ರೇಲರ್ ಬಂತು, ಟೆಂಪೊ ಬಂತು, ಈಗ ದಿಬ್ಬಣಕ್ಕೆ ಬಸ್ಸು. ಮರಾಠಿಯವರ ‘ವರ್ಹಾಡ’ಕ್ಕೂ ಇದೇ ಕಥೆ. ಎಷ್ಟು ದೂರ ಕರೆಯುತ್ತೀಯೋ ಅಷ್ಟು ದೂರ ಹೊತ್ತು ತರುವ ಜವಾಬ್ದಾರಿ ನಿನ್ನದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ.

ಕರೆಯುವುದಕ್ಕೇ ಒಂದು ವ್ಯಾಕರಣವಿತ್ತು. ‘ಮನೆಗೊಬ್ಬರು ಬರ್ರಿ’ ಅಂದರೆ ಒಬ್ಬರೇ. ‘ಸಕುಟುಂಬ ಸಪರಿವಾರ’ ಅಂದರೆ ಮಕ್ಕಳುಮರಿಯೆಲ್ಲ. ಎಲ್ಲಕ್ಕಿಂತ ದೊಡ್ಡ ಕರೆ ‘ಅವತ್ತ ಒಲಿ ಹಚ್ಚಬ್ಯಾಡ್ರಿ’ ಎನ್ನುವುದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದನ್ನೇ ‘ಚೂಲಬಂದ್’ ಎನ್ನುತ್ತಾರೆ. ಒಂದು ಮಾತಿನಲ್ಲಿ ಎಷ್ಟು ಜನ, ಎಷ್ಟು ಹೊತ್ತಿನ ಊಟ, ಎಷ್ಟು ಸಲಿಗೆ, ಎಲ್ಲವೂ ತಿಳಿದುಹೋಗುತ್ತಿತ್ತು. ನಮಗೆ ಬಂದ ವಿಡಿಯೊದಲ್ಲಿ ಕುದುರೆಗೆ ರೆಕ್ಕೆಯೇನೋ ಇತ್ತು. ಆದರೆ ಅಮ್ಮ ಜೊತೆಗೆ ಬರಬೇಕೋ, ಬಂದರೆ ಅವಳಿಗೂ ಎಲೆಯಿದೆಯೋ, ತಮ್ಮನನ್ನು ಎಲ್ಲಿ ಬಿಟ್ಟುಬರಬೇಕು, ಏಳು ವರ್ಷದ ಮಗುವನ್ನು ಸಂಜೆ ಯಾರು ತಂದುಬಿಡುತ್ತಾರೆ, ಇದ್ಯಾವುದೂ ಅದರಲ್ಲಿರಲಿಲ್ಲ.

ಪುಣೆಯಲ್ಲಿ ಬಾಳುವ ಕನ್ನಡಿಗರಿಗೆ ಇಲ್ಲೊಂದು ಶಬ್ದದ ತಮಾಷೆ ಸಿಗುತ್ತದೆ. ಮರಾಠಿಯ ‘ಆವತಣ’, ಕನ್ನಡದ ‘ಔತಣ’ ಎರಡೂ ಸಂಸ್ಕೃತದ ಆಮಂತ್ರಣದ ಮಕ್ಕಳು. ಮರಾಠಿಯಲ್ಲಿ ಅದು ಊಟಕ್ಕೆ ಕರೆಯುವ ಕರೆಯಾಗಿಯೇ ಉಳಿಯಿತು. ನಮ್ಮಲ್ಲಿ ಕರೆ ಕರಗಿಹೋಗಿ ಊಟವೇ ಔತಣವಾಯಿತು. ಕರೆದರೆಂದರೆ ಉಣಿಸಿದಂತೆಯೇ ಎಂಬ ಭರವಸೆ ನಮ್ಮ ಹಿರಿಯರಿಗೆ ಇದ್ದಿರಬೇಕು. ಈಗ ಎರಡರ ನಡುವೆ ಒಂದು ಎಕ್ಸ್‌ಪ್ರೆಸ್ ವೇ, ಒಂದು ಟೋಲ್ ನಾಕಾ, ಭಾನುವಾರ ಸಂಜೆ ಘಾಟಿನಲ್ಲಿ ತೆವಳುವ ಕಾರುಗಳ ಸಾಲು ಬಂದು ನಿಂತಿವೆ.

ಮಾರ್ಕೆಟ್ ಯಾರ್ಡಿನ ಪಕ್ಕದಲ್ಲಿದ್ದುಕೊಂಡು ಸಾಗಾಟದ ಖರ್ಚಿನ ಬಗ್ಗೆ ಯೋಚಿಸದೆ ಇರುವುದು ಕಷ್ಟ. ಗುಲ್ಟೇಕಡಿಯ ಈ ಸಗಟು ಮಾರುಕಟ್ಟೆಗೆ ಬೇಸಿಗೆಯಲ್ಲಿ ನಮ್ಮ ಕಡೆಯ ಮಾವು ‘ಕರ್ನಾಟಕ ಆಪೂಸ್’ ಎಂಬ ಹೆಸರು ಹೊತ್ತು ಬಂದು ರತ್ನಾಗಿರಿ, ದೇವಗಡದ ಪೆಟ್ಟಿಗೆಗಳ ಪಕ್ಕ ಸ್ವಲ್ಪ ಸಂಕೋಚದಿಂದ ಕೂರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಮಾತ್ರ ಆ ಸಂಕೋಚವಿಲ್ಲ. ಮಾಲು ಕಳಿಸಿದ ರೈತನಿಗೆ ಕೊನೆಗೆ ಕೈಗೆ ಬರುವುದು ಒಂದು ‘ಪಟ್ಟಿ’. ಮೋಟಾರು ಬಾಡಿಗೆ ಇಷ್ಟು, ಹಮಾಲಿ ಇಷ್ಟು, ತೂಕದ ‘ತೋಲಾಯಿ’ ಇಷ್ಟು. ಯಾವುದು ಯಾರ ತಲೆಗೆ ಎಂಬುದರ ಮೇಲೆ ಇಲ್ಲಿ ದಶಕಗಟ್ಟಲೆ ಜಗಳ ನಡೆದಿದೆ. 2016ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು ತರಕಾರಿಯ ದಲಾಲಿಯನ್ನು, ಅಂದರೆ ‘ಅಡತ್’ ಅನ್ನು, ರೈತನ ಪಟ್ಟಿಯಿಂದ ತೆಗೆದು ಕೊಳ್ಳುವವನ ಲೆಕ್ಕಕ್ಕೆ ಹಾಕಿದಾಗ ರಾಜ್ಯದ ಮಾರುಕಟ್ಟೆಗಳಲ್ಲಿ ವ್ಯಾಪಾರಿಗಳು ವಹಿವಾಟು ನಿಲ್ಲಿಸಿ ಕುಳಿತರು. ಒಂದು ಬುಟ್ಟಿ ಟೊಮೆಟೊ ಸಾಗಿಸುವ ಬಾಡಿಗೆಯನ್ನೂ ಕಾಗದದ ಮೇಲೆ ಬರೆದುಕೊಡುವ ಪ್ರದೇಶ ಇದು. ಒಂದು ಕ್ಲಾಸಿನ ಮಕ್ಕಳನ್ನು ಲೋಣಾವಳದವರೆಗೆ ಸಾಗಿಸುವ ಖರ್ಚಿನ ಪಟ್ಟಿ ಮಾತ್ರ ಎಲ್ಲೂ ಬರೆದಿರುವುದಿಲ್ಲ. ಬಂದವರ ತಲೆಗೆ, ಅಷ್ಟೇ.

ಇನ್ನು ಭಾನುವಾರದ ವಿಷಯ. ಯಾರ್ಡಿನಲ್ಲಿ ಎಲ್ಲರ ಭಾನುವಾರವೂ ಒಂದೇ ಅಲ್ಲ. ಧಾನ್ಯ, ಬೇಳೆ, ಬೆಲ್ಲದ ‘ಭೂಸಾರ್’ ಪೇಟೆಗೆ ಅಂದು ರಜೆ. ಹಣ್ಣು ತರಕಾರಿಯ ಕಡೆ ರಜೆ ಶನಿವಾರ. ಹಾಗಾಗಿ ಭಾನುವಾರವೆಂದರೆ ವಾರದ ಅತಿ ದೊಡ್ಡ ಆವಕ. ಬೆಳಕು ಹರಿಯುವ ಮೊದಲೇ ಲಾರಿಗಳ ಸಾಲು, ಮೂಟೆ, ಕೂಗು, ಕೊತ್ತಂಬರಿಯ ವಾಸನೆ. ನಮ್ಮನ್ನು ಕರೆದ ಬೇಳೆ ವ್ಯಾಪಾರಿಯ ಮನೆಯವರು ಆರಾಮವಾಗಿ ಆರಿಸಿಕೊಂಡ ಭಾನುವಾರ ಹನ್ನೊಂದು ಗಂಟೆ, ಅದೇ ಕ್ಲಾಸಿನ ಮಕ್ಕಳ ಅಪ್ಪಂದಿರಾದ ಈರುಳ್ಳಿ ಅಡತ್ಯಾನಿಗೂ, ಅವನ ಅಂಗಡಿಯ ಮೂಟೆ ಇಳಿಸುವ ಹಮಾಲನಿಗೂ, ಟೆಂಪೊ ಓಡಿಸುವವನಿಗೂ ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲದ ಹೊತ್ತು. ಕರೆದವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ನೂರು ಹೆಜ್ಜೆ ಆಚೆಗಿನ ಗಾಳಾದ, ಅಂದರೆ ಮಳಿಗೆಯ, ವಾರ ಹೇಗಿರುತ್ತದೆಂದು ಅವರು ಒಮ್ಮೆ ಯೋಚಿಸಲಿಲ್ಲ. ಯೋಚಿಸದಿರುವುದು ಕೂಡ ಒಂದು ಬಗೆಯ ಸೌಕರ್ಯ.

ಹಮಾಲನ ಮಗಳು ಅದೇ ಕ್ಲಾಸಿನಲ್ಲಿ ಹೇಗೆ ಎಂದು ಯಾರಾದರೂ ಕೇಳಬಹುದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು. ಕಾಯ್ದೆ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿತು. ಸಮವಸ್ತ್ರ ಒಂದೇ, ಡಬ್ಬಿಯ ಪಲ್ಯವನ್ನೂ ಹಂಚಿಕೊಂಡು ತಿನ್ನುತ್ತಾರೆ. ಯಾರ ಮನೆಯಲ್ಲಿ ಏನಿದೆ ಎಂಬುದು ಮಕ್ಕಳಿಗೆ ಬಯಲಾಗುವುದು ಹುಟ್ಟುಹಬ್ಬದ ದಿನವೇ. ಹತ್ತಿರದ ಹಾಲ್‌ನಲ್ಲಿ ಮಾಡಿದ ಆಡಂಬರವಾದರೆ ಬಡ ಮಗುವೂ ನಡೆದು ಬಂದು ಅದರ ಪಾಲು ತಿಂದು ಹೋಗುತ್ತದೆ. ಐದು ಅಂತಸ್ತಿನ ಕೇಕಿನ ಬಗ್ಗೆ ನನಗೆ ಹೊಟ್ಟೆಕಿಚ್ಚು ಇಲ್ಲ, ಇದ್ದರೂ ಸ್ವಲ್ಪವೇ. ಆದರೆ ದೂರ ಎನ್ನುವುದು ಸದ್ದಿಲ್ಲದೆ ಕೆಲಸ ಮಾಡುವ ಕಾವಲುಗಾರ. ‘ಎಲ್ಲರನ್ನೂ ಕರೆದಿದ್ದೆವಲ್ಲ’ ಎಂದು ಹೇಳಿಕೊಳ್ಳಲು ಅವಕಾಶ ಮಾಡಿಕೊಟ್ಟು, ಬರಬೇಕಾದವರನ್ನು ಮಾತ್ರ ಒಳಗೆ ಬಿಡುತ್ತಾನೆ.

ಎಲ್ಲರನ್ನೂ ಕರೆಯಬೇಕೇ, ಕೆಲವರನ್ನೇ ಕರೆದರೆ ತಪ್ಪೇ ಎಂಬ ಪ್ರಶ್ನೆ ನಮ್ಮೊಬ್ಬರದಲ್ಲ. 2008ರಲ್ಲಿ ಸ್ವೀಡನ್ನಿನ ಲುಂಡ್ ಊರಿನ ಎಂಟು ವರ್ಷದ ಹುಡುಗನೊಬ್ಬ ಕ್ಲಾಸಿನಲ್ಲಿ ಹುಟ್ಟುಹಬ್ಬದ ಓಲೆ ಹಂಚಿದ. ಇಬ್ಬರನ್ನು ಬಿಟ್ಟ. ಒಬ್ಬ ತನ್ನ ಹುಟ್ಟುಹಬ್ಬಕ್ಕೆ ಇವನನ್ನು ಕರೆದಿರಲಿಲ್ಲ, ಇನ್ನೊಬ್ಬ ಪೀಡಿಸುತ್ತಿದ್ದ. ಶಾಲೆಯವರು ಇದು ತಾರತಮ್ಯ ಎಂದು ಓಲೆಗಳನ್ನೆಲ್ಲ ಕಸಿದುಕೊಂಡರು. ಹುಡುಗನ ಅಪ್ಪ ಸಂಸತ್ತಿನ ಒಂಬುಡ್ಸ್‌ಮನ್‌ವರೆಗೆ ದೂರು ಒಯ್ದ. ಶಾಲೆಯ ಆವರಣದಲ್ಲಿ ಹಂಚುವುದಾದರೆ ಎಲ್ಲರಿಗೂ, ಕೆಲವರಿಗಷ್ಟೇ ಆದರೆ ಹೊರಗೆ ಮನೆಮನೆಗೆ ಹೋಗಿ ಎಂಬ ನಿಯಮ ಹಲವು ದೇಶಗಳ ಶಾಲೆಗಳಲ್ಲಿದೆ. ನಮ್ಮ ವಾಟ್ಸ್ಯಾಪ್ ಗುಂಪು ಆವರಣದ ಒಳಗೋ ಹೊರಗೋ? ಒಳಗೇ ಎನ್ನುತ್ತೇನೆ ನಾನು. ಇಡೀ ಕ್ಲಾಸು ಕಣ್ಣುಬಿಟ್ಟು ನೋಡುವ ಜಾಗದಲ್ಲಿ ‘ಆಯ್ದ ಎಂಟು ಜನರಿಗೆ’ ಎನ್ನುವ ಕರೆ ಹಾಕಬಾರದು. ಎಂಟು ಜನರನ್ನೇ ದೂರ ಕರೆದೊಯ್ಯಬೇಕೆಂದಿದ್ದರೆ ಎಂಟು ಫೋನ್ ಮಾಡಿ, ಎರಡು ಕಾರು ನೀವೇ ಹೊಂದಿಸಿ, ಫೋಟೊಗಳನ್ನು ಗುಂಪಿಗೆ ಹಾಕಬೇಡಿ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಮಕ್ಕಳಿಗೂ ಆಪ್ತರು ಅಂತ ಇರುತ್ತಾರೆ.

ಕರೆದವರಿಗೂ ಸಂಕಟಗಳಿವೆ, ಅದನ್ನೂ ಹೇಳಬೇಕು. ತಲೆಗಿಷ್ಟು ಎಂದು ಮುಂಗಡ ಕಟ್ಟಿರುತ್ತಾರೆ. ಬಲೂನು ಒತ್ತಿದವರು ಬರುತ್ತಾರೋ ಇಲ್ಲವೋ ತಿಳಿಯದು. ‘ನೋಡೋಣ’, ‘ಟ್ರೈ ಮಾಡ್ತೀವಿ’ ಎಂಬ ನಮ್ಮ ಉತ್ತರಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇಂಗ್ಲೆಂಡಿನ ಪ್ಲಿಮತ್ ಬಳಿಯ ಕೃತಕ ಹಿಮದ ಇಳಿಜಾರಿನಲ್ಲಿ ನಡೆದ ಹುಟ್ಟುಹಬ್ಬಕ್ಕೆ ಬರುವುದಾಗಿ ಒಪ್ಪಿ ಬಾರದಿದ್ದ ಐದು ವರ್ಷದ ಮಗುವಿನ ಮನೆಗೆ 2015ರ ಜನವರಿಯಲ್ಲಿ 15.95 ಪೌಂಡುಗಳ ಬಿಲ್ಲು ಬಂದಿತ್ತು, ಮಗುವಿನ ಶಾಲಾ ಚೀಲದಲ್ಲಿ. ಜಗತ್ತೆಲ್ಲ ನಕ್ಕಿತು. ಬಿಲ್ಲು ಕಳಿಸುವುದು ಅಸಹ್ಯವೇ. ಆದರೂ ಬರಲಾಗುವುದಿಲ್ಲ ಎನ್ನುವುದನ್ನು ಮೊದಲ ದಿನವೇ, ಕಾರಣಗಳ ಪುರಾಣವಿಲ್ಲದೆ ಹೇಳುವುದು ನಮ್ಮ ಪಾಲಿನ ಮರ್ಯಾದೆ. ನಮ್ಮಲ್ಲಿ ‘ಇಲ್ಲ’ ಎನ್ನುವುದು ಒರಟು, ಹೇಳದೆ ತಪ್ಪಿಸಿಕೊಳ್ಳುವುದು ಸೌಜನ್ಯ ಎಂದಾಗಿಬಿಟ್ಟಿದೆ.

ಉಡುಗೊರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮರಾಠಿ ಲಗ್ನಪತ್ರಿಕೆಗಳ ಕೆಳಗೆ ಆಹೇರು ತರಬೇಡಿ ಎಂದು ಅಚ್ಚು ಹಾಕಿಸುತ್ತಾರೆ. ನಮ್ಮಲ್ಲಿ ಆಶೀರ್ವಾದವೇ ಉಡುಗೊರೆ. ಎರಡನ್ನೂ ಯಾರೂ ನಂಬುವುದಿಲ್ಲ. ಮುಯ್ಯಿಯ ಪುಸ್ತಕ ಇದ್ದಾಗ ಕೊಟ್ಟದ್ದು ಕಾಗದದಲ್ಲಿತ್ತು, ಈಗ ಮನಸ್ಸಿನಲ್ಲಿದೆ. ರಿಟರ್ನ್ ಗಿಫ್ಟ್ ಎಂಬುದು ಬಂದಮೇಲಂತೂ ಮುಯ್ಯಿ ತೀರಿಸಲು ಮುಂದಿನ ವರ್ಷದವರೆಗೂ ಕಾಯಬೇಕಿಲ್ಲ, ಬಾಗಿಲಲ್ಲೇ ಚುಕ್ತಾ.

ನಾವು ಹೋದೆವು. ಅತ್ತೆಯವರೇ ಹೊರಡಿಸಿದರು. “ಕರದ ಮ್ಯಾಲ ಹೋಗದಿದ್ರ ಹೆಂಗ?” ಟೋಲು, ಪೆಟ್ರೋಲು, ತಿಳಿಬಣ್ಣದ ಹೊಸ ಫ್ರಾಕು, ಉಡುಗೊರೆ. ಮಗಳು ಘಾಟಿನಲ್ಲಿ ವಾಂತಿ ಮಾಡಿಕೊಂಡಳು, ಹಾಗಾಗಿ ಎರಡನೇ ಫ್ರಾಕು. ಅಲ್ಲಿ ನಿಜವಾದ ಕುದುರೆಯೊಂದಿತ್ತು. ಹಣೆಗೆ ಕೊಂಬು, ಬೆನ್ನಿಗೆ ಥರ್ಮಾಕೋಲಿನ ರೆಕ್ಕೆ ಕಟ್ಟಿದ್ದರು. ನೊಣ ಓಡಿಸಲು ಪಾಪ ಬಾಲ ಮಾತ್ರ ಅದರದ್ದೇ. ಮೂವತ್ತು ಮಕ್ಕಳ ಕ್ಲಾಸಿನಿಂದ ಬಂದವರು ಒಂಬತ್ತು. ಹುಟ್ಟುಹಬ್ಬದ ಹುಡುಗಿ ಕೇಕು ಕತ್ತರಿಸುವ ಮುನ್ನ ಗೇಟಿನ ಕಡೆ ಎರಡು ಮೂರು ಸಲ ನೋಡಿದಳು. ಯಾರನ್ನು ಕಾಯುತ್ತಿದ್ದಳೆಂದು ಸೋಮವಾರ ಮಗಳ ಬಾಯಲ್ಲಿ ತಿಳಿಯಿತು. ಅವಳ ಬೆಂಚಿನಲ್ಲೇ ಕೂರುವ, ಅಪ್ಪ ಹಮಾಲಿ ಮಾಡುವ ಹುಡುಗಿಯನ್ನು. ಅವರ ಮನೆಯಲ್ಲಿ ಆ ಭಾನುವಾರದ ಮಟ್ಟಿಗೆ ಲೋಣಾವಳವೂ ಲಂಡನ್ನೂ ಒಂದೇ.

ಇದೇ ಪುಣೆಯಲ್ಲಿ ಬಾಬಾ ಆಢಾವ್ ಕಟ್ಟಿದ ಹಮಾಲ ಪಂಚಾಯತಿ 1974ರಲ್ಲಿ ‘ಕಷ್ಟಾಚೀ ಭಾಕರ್’ ಎಂಬ ಅಡುಗೆಮನೆ ಶುರುಮಾಡಿತು. ಮೂಟೆ ಹೊರುವವನಿಗೆ ಕೈಗೆಟುಕುವ ಬೆಲೆಗೆ, ಕೆಲಸದ ಜಾಗದ ಹತ್ತಿರದಲ್ಲೇ ರೊಟ್ಟಿ ಪಲ್ಯ. ಊಟವನ್ನು ಉಣ್ಣುವವರ ಸಮೀಪಕ್ಕೆ ತರಬೇಕು ಎಂಬುದು ಈ ಊರಿಗೆ ಹೊಸ ವಿಚಾರವೇನಲ್ಲ.

ನಮ್ಮ ಮಗಳ ಸರದಿ ಬಂದಾಗ ಅವಳಿಗೂ ಕುದುರೆ ಬೇಕೆನಿಸಿತ್ತು, ಸುಳ್ಳು ಹೇಳಲಾರೆ. ಎರಡು ದಿನ ಮುನಿಸು ನಡೆಯಿತು. ಕೊನೆಗೆ ಒಪ್ಪಂದವಾದದ್ದು ಇಷ್ಟು: ಶನಿವಾರ ಸಂಜೆ, ನಮ್ಮ ಕಟ್ಟಡದ ಟೆರೇಸು, ಅಜ್ಜಿಯ ಕೈಯ ಹೋಳಿಗೆ, ಮೂಲೆಯ ಬೇಕರಿಯ ಕೇಕು. ಅದಕ್ಕೂ ಮೊದಲು ಎಲ್ಲರೂ ಸಾರಸಬಾಗಿನ ಪಕ್ಕದ ಪೇಶವೆ ಪಾರ್ಕಿಗೆ. ಅಲ್ಲಿಯ ‘ಫುಲರಾಣಿ’ ಪುಟಾಣಿ ರೈಲು 1956ರಿಂದ ಪುಣೆಯ ಮಕ್ಕಳನ್ನು ಸುತ್ತಿಸುತ್ತಿದೆ. ಅತ್ತೆ ಮತ್ತೆ ಅದೇ ಪ್ರಶ್ನೆ ಎತ್ತಿದರು. ಗಾಡಿ?

ಶಾಲೆಯ ವ್ಯಾನ್ ಕಾಕಾನನ್ನು ಕರೆದು ಮಾತಾಡಿದೆ. ಯಾವ ಮಗು ಎಲ್ಲಿ ಇಳಿಯುತ್ತದೆ, ಯಾರ ಮನೆಯ ಕೆಳಗೆ ಹಾರ್ನ್ ಎರಡು ಸಲ ಬಾರಿಸಬೇಕು, ಯಾರ ಅಮ್ಮ ಕೆಲಸದಿಂದ ಏಳಕ್ಕೆ ಬರುತ್ತಾಳೆ, ಎಲ್ಲ ಅವನಿಗೆ ಬಾಯಿಪಾಠ. ನಾನು ವಿಡಿಯೊ ಮಾಡಲಿಲ್ಲ. ಮನೆಮನೆಗೆ ಫೋನ್ ಮಾಡಿ, ನಾಲ್ಕಕ್ಕೆ ವ್ಯಾನ್ ಬರುತ್ತದೆ, ಎಂಟಕ್ಕೆ ಮನೆಗೆ ತಂದುಬಿಡುತ್ತದೆ, ಉಡುಪು ನಿಮ್ಮಿಷ್ಟ ಎಂದು ಹೇಳಿದೆ. ಒಬ್ಬಳು ತಾಯಿ, ಅಪರೂಪಕ್ಕೆ ಕಲಬುರಗಿ ಕಡೆಯ ಕನ್ನಡದಲ್ಲೇ, “ಉಡುಗೊರಿ ಏನ್ ತರಬೇಕ್ರಿ?” ಎಂದು ಕೇಳಿದಳು. ಏನೂ ಬೇಡ ಎಂದೆ. ಅವಳೂ ನಂಬಲಿಲ್ಲ, ಮಗಳ ಕೈಯಲ್ಲಿ ಎರಡು ಕಟ್ಟು ಮೆಂತ್ಯೆ ಸೊಪ್ಪು ಕಳಿಸಿದಳು.

ಇಪ್ಪತ್ತನಾಲ್ಕು ಮಕ್ಕಳು, ವ್ಯಾನಿನ ಎರಡು ಸರದಿ. ಕುದುರೆಯ ಹುಡುಗಿಯೂ ಬಂದಿದ್ದಳು, ತನ್ನ ಬೆಂಚಿನ ಗೆಳತಿಯ ಕೈ ಹಿಡಿದುಕೊಂಡು. ಪುಟಾಣಿ ರೈಲಿನಲ್ಲಿ ಇಬ್ಬರೂ ಒಂದೇ ಸೀಟಿಗೆ ಹಟ ಹಿಡಿದು ಇನ್ನೊಬ್ಬನನ್ನು ಅಳಿಸಿದರು. ರಾತ್ರಿ ಎಂಟೂವರೆಗೆ ಕೊನೆಯ ಮಗುವನ್ನು ಬಿಟ್ಟು ಕಾಕಾ ಮೇಲೆ ಬಂದ, ಬಾಡಿಗೆಯನ್ನು ಎಣಿಸಿ ತೆಗೆದುಕೊಂಡ, ಒಂದು ಸರದಿಗೆ ಐವತ್ತು ರೂಪಾಯಿ ಕಡಿಮೆಯಿದೆ ಎಂದು ನೆನಪಿಸಿ ಅದನ್ನೂ ಇಸಿದುಕೊಂಡ. ಆಮೇಲೆ ಕೈ ತೊಳೆದು ಎಲೆಯ ಮುಂದೆ ಕುಳಿತ. ಅತ್ತೆ ತುಪ್ಪದ ತಂಬಿಗೆ ತಂದರು.