ಬೆಟ್ಟದ ಮೇಲಿನ ನೀರಿಗೆ ಎಷ್ಟು ವೇಗ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಂಕಿ ಆರಿಸುವ ನೀರನ್ನು ಬೆಟ್ಟದ ಮೇಲೆ ತುಂಬಿಡುವುದೇಕೆ? ತೊಟ್ಟಿಯಿಂದ ನೀರು ಹೊರಬರುವ ವೇಗವನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ವೇಗವನ್ನು ನಿರ್ಧರಿಸುವುದು ತೊಟ್ಟಿಯ ಗಾತ್ರವಲ್ಲ, ರಂಧ್ರದಿಂದ ನೀರಿನ ಮೇಲ್ಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದು. 17ನೇ ಶತಮಾನದಲ್ಲಿ ಇದನ್ನು ಕಂಡುಕೊಂಡವನು ಇಟಲಿಯ ಟೊರಿಚೆಲ್ಲಿ. ಅಷ್ಟೇ ಎತ್ತರದ ಮರದಿಂದ ಬಿದ್ದ ತೆಂಗಿನಕಾಯಿ ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೋ, ರಂಧ್ರದಿಂದ ಚಿಮ್ಮುವ ನೀರಿಗೂ ಅಷ್ಟೇ ವೇಗ. ಎತ್ತರ 5 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 10 ಮೀಟರ್. ವೇಗ ಇಮ್ಮಡಿಯಾಗಲು ಎತ್ತರ ನಾಲ್ಕು ಪಟ್ಟು, ಅಂದರೆ 20 ಮೀಟರ್ ಆಗಬೇಕು. ವೇಗವನ್ನು ರಂಧ್ರದ ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ ಹೊರಬರುವ ನೀರಿನ ಪ್ರಮಾಣ ಸಿಗುತ್ತದೆ. ಅಂಚು ಚೂಪಾಗಿದ್ದರೆ ಧಾರೆ ಕುಗ್ಗಿ, ಅದರ ಶೇ. 60ರಷ್ಟು ಮಾತ್ರ ಬರುತ್ತದೆ. ತೊಟ್ಟಿ ಬರಿದಾದಂತೆ ವೇಗವೂ ಇಳಿಯುತ್ತದೆ.

1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೀರಿನ ಕೊಳವೆಗಳು ಒಡೆದವು. ಬೆಂಕಿ ಮೂರು ದಿನ ಊರನ್ನು ಸುಟ್ಟಿತು. ಆಮೇಲೆ ಟ್ವಿನ್ ಪೀಕ್ಸ್ ಬೆಟ್ಟದಲ್ಲಿ, ಸುಮಾರು 750 ಅಡಿ ಎತ್ತರದಲ್ಲಿ, ಸುಮಾರು 4 ಕೋಟಿ ಲೀಟರ್ ಹಿಡಿಯುವ ಜಲಾಶಯ ಕಟ್ಟಿದರು. ಉದ್ದದ ಕೊಳವೆಗಳ ಘರ್ಷಣೆ ಒಂದಿಷ್ಟು ಒತ್ತಡವನ್ನು ತಿಂದರೂ, ಅಷ್ಟು ಎತ್ತರದಿಂದ ಇಳಿಯುವ ನೀರಿಗೆ ಕರೆಂಟೂ ಬೇಡ, ಪಂಪೂ ಬೇಡ.