ಬೆಂಚಿನವರು ಗೆದ್ದ ಕಪ್

ಐಟಿಯವರಿಗೆ ‘ಬೆಂಚ್’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹಳೇ ಪ್ರಾಜೆಕ್ಟ್ ಮುಗಿದಿದೆ, ಹೊಸದು ಸಿಕ್ಕಿಲ್ಲ, ಸಂಬಳವೇನೋ ಬರುತ್ತಿದೆ, ಎಷ್ಟು ತಿಂಗಳು ಬರುತ್ತದೋ ಗೊತ್ತಿಲ್ಲ. ಹಿಂಜವಡಿಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗಲೂ ಆ ಪದ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

2024ರ ಬೇಸಿಗೆಯಲ್ಲಿ ನಾನೂ ಬೆಂಚಿನ ಮೇಲಿದ್ದೆ. ಹಾಸನದಲ್ಲಿ ಓದುವಾಗ ಕಾಲೇಜು ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದ್ದೆ. ಆ ಹಳೇ ಗೀಳಿನಿಂದಾಗಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಪಂದ್ಯಗಳ ಬೆನ್ನು ಹತ್ತಿದೆ.

ಆ ತಂಡದ ಕಥೆಯೇ ಹಾಗಿತ್ತು. ಹಿಂದಿನ ವರ್ಷ ಸತತ 36 ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ಅಯೋವಾ ತಂಡಕ್ಕೆ 77-73ರಿಂದ ಸೋತಿತ್ತು. ಮೊದಲ ಐದು ಸ್ಥಾನದಲ್ಲಿ ಆಡುತ್ತಿದ್ದ ಐವರೂ ಓದು ಮುಗಿಸಿ ಹೋದರು. ಕೋಚ್ ಡಾನ್ ಸ್ಟೇಲಿ ಕೈಯಲ್ಲಿ ಉಳಿದವರು ಬೆಂಚಿನಲ್ಲಿ ಕೂತಿದ್ದವರು ಮತ್ತು ಹೊಸಬರು.

ಅವರಲ್ಲೊಬ್ಬಳು ಕಮಿಲ್ಲಾ ಕಾರ್ಡೊಸೊ. ಬ್ರೆಜಿಲ್‌ನ ಮೊಂಟೆಸ್ ಕ್ಲಾರೊಸ್ ಊರಿನವಳು. 15ನೇ ವಯಸ್ಸಿಗೆ ಮನೆ ಬಿಟ್ಟು, ಇಂಗ್ಲಿಷ್ ಬಾರದೆಯೇ ಅಮೆರಿಕಕ್ಕೆ ಓದಲು ಬಂದವಳು. ಪರ ಊರಿಗೆ ಬಂದು ಭಾಷೆಗೆ ತಡವರಿಸಿದ ನಮಗೆಲ್ಲ ಅವಳ ಪಾಡು ಅರ್ಥವಾಗುತ್ತದೆ. ಹಿಂದಿನ ಸೀಸನ್‌ನಲ್ಲಿ ಅವಳು ಆಲಿಯಾ ಬೋಸ್ಟನ್ ಎಂಬ ಘಟಾನುಘಟಿ ಆಟಗಾರ್ತಿಗೆ ಬದಲಿ. ಕೂತು ಕಾಯುತ್ತಲೇ ತನ್ನ ಲೀಗ್‌ನ ಅತ್ಯುತ್ತಮ ಬದಲಿ ಆಟಗಾರ್ತಿ ಪ್ರಶಸ್ತಿ ಗಳಿಸಿದ್ದಳು.

ಹೊಸ ತಂಡ ಮೊದಲ ಪಂದ್ಯದಲ್ಲೇ, ಪ್ಯಾರಿಸ್‌ನಲ್ಲಿ, ನೋಟರ್ ಡೇಮ್ ವಿರುದ್ಧ 100-71ರಿಂದ ಗೆದ್ದಿತು. ಆಮೇಲೆ ಸೋಲೇ ಇಲ್ಲ. ಮಾರ್ಚ್‌ನಲ್ಲಿ ಟೆನೆಸ್ಸೀ ವಿರುದ್ಧ ಮಾತ್ರ ಸೋಲು ಹತ್ತಿರ ಬಂದಿತ್ತು. ಎರಡು ಅಂಕ ಹಿಂದೆ, ಉಳಿದದ್ದು ಒಂದೇ ಸೆಕೆಂಡು. ಚೆಂಡು ಸಿಕ್ಕಿದ್ದು ಕಾರ್ಡೊಸೊಗೆ. ಕಾಲೇಜು ಆಟದಲ್ಲಿ ಅದುವರೆಗೆ ಒಂದೇ ಒಂದು ಮೂರಂಕದ ಬುಟ್ಟಿ ಹಾಕಿರದ ಅವಳು ದೂರದಿಂದಲೇ ಎಸೆದಳು. ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. 74-73!

ಏಪ್ರಿಲ್ 7ರ ಫೈನಲ್ ಕ್ಲೀವ್‌ಲ್ಯಾಂಡ್‌ನಲ್ಲಿ. ನಮಗಿಲ್ಲಿ ನಡುರಾತ್ರಿ ದಾಟಿತ್ತು. ಎದುರಾಳಿ ಮತ್ತೆ ಅಯೋವಾ. ಅವರ ಕೇಟ್ಲಿನ್ ಕ್ಲಾರ್ಕ್ ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 31ಕ್ಕೂ ಹೆಚ್ಚು ಅಂಕ ಗಳಿಸಿದವಳು. ಸೌತ್ ಕೆರೊಲಿನಾದಲ್ಲಿ ಯಾರ ಸರಾಸರಿಯೂ 15 ಮುಟ್ಟಿರಲಿಲ್ಲ. ಆಟ ಶುರುವಾಗುತ್ತಲೇ ಅಯೋವಾ 10-0 ಮುನ್ನಡೆ. ಮೊದಲ ಕ್ವಾರ್ಟರ್‌ನಲ್ಲೇ ಕ್ಲಾರ್ಕ್ 18 ಅಂಕ ಬಾಚಿದಳು.

ಸ್ಟೇಲಿ ಗಾಬರಿಯಾಗದೆ ಬೆಂಚಿನತ್ತ ತಿರುಗಿದರು. ಮೊದಲ ವರ್ಷದ ಹುಡುಗಿ ಟೆಸ್ಸಾ ಜಾನ್ಸನ್ ಬದಲಿಯಾಗಿ ಇಳಿದು 19 ಅಂಕ ಗಳಿಸಿದಳು. ತಂಡದಲ್ಲಿ ಅದೇ ಅತಿ ಹೆಚ್ಚು. ಕಾರ್ಡೊಸೊ 15 ಅಂಕ, 17 ರಿಬೌಂಡ್. ಕೊನೆಗೆ 87-75. ಸೀಸನ್ನಿನ ಲೆಕ್ಕ 38 ಆಟ, 38 ಗೆಲುವು. ನನಗೆ ನೆನಪಿನಲ್ಲಿ ಉಳಿದಿರುವುದು ಮಾತ್ರ ಇನ್ನೊಂದು ಲೆಕ್ಕ: ಬೆಂಚಿನಿಂದ ಬಂದ ಅಂಕಗಳು ಸೌತ್ ಕೆರೊಲಿನಾಗೆ 37, ಅಯೋವಾಗೆ ಸೊನ್ನೆ.

ಮೂವತ್ತೇಳು ಅಂಕ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಗೆಲ್ಲುವುದು ಖಚಿತವಾದ ಪಂದ್ಯಗಳಲ್ಲಿ, ಬೇಕಾದಷ್ಟು ಮುನ್ನಡೆ ಇದ್ದಾಗ, ಸ್ಟೇಲಿ ಬದಲಿಯವರನ್ನು ಅಂಗಳಕ್ಕಿಳಿಸುತ್ತಿದ್ದರು. ಕೈ ಪಳಗಿದ್ದು ಅಲ್ಲಿ. ಇದೇ ಕೋಚ್‌ಗೆ 2008ರಲ್ಲಿ ಬಂದಾಗ ಮೊದಲ ಸೀಸನ್‌ನಲ್ಲಿ ಸಿಕ್ಕಿದ್ದು 10 ಗೆಲುವು, 18 ಸೋಲು.

ಫೈನಲ್ ಮುಗಿದು ಬೆಳಗಾದರೆ ಯುಗಾದಿಗೆ ಒಂದೇ ದಿನ. ಅಮ್ಮನಿಗೆ ಫೋನ್ ಮಾಡಿ, ಕೈಯಲ್ಲಿ ಪ್ರಾಜೆಕ್ಟ್ ಇಲ್ಲವೆಂದು ಮೊದಲ ಸಲ ಬಾಯಿಬಿಟ್ಟೆ. ‘ಕೂತ್ಕೊಂಡು ಏನು ಕಲೀತಿದ್ದೀಯ?’ ಎಂದಷ್ಟೇ ಕೇಳಿದರು. ಕ್ಲೌಡ್ ಕೋರ್ಸ್ ಶುರು ಮಾಡಿದೆ. ಜೂನ್‌ನಲ್ಲಿ ಕೆಲಸ ಸಿಕ್ಕಿತು.

ಈಗ ನನ್ನ ಕೈಕೆಳಗೆ ಆರು ಜನರಿದ್ದಾರೆ. ಬೆಂಚಿನಲ್ಲಿರುವ ಇಬ್ಬರು ಹುಡುಗಿಯರನ್ನೂ ವಾರದ ರಿವ್ಯೂಗೆ ಕೂರಿಸಿಕೊಳ್ಳುತ್ತೇನೆ, ಸಣ್ಣದೊಂದು ಕೋಡ್ ಬರೆಸುತ್ತೇನೆ. ನಿಮ್ಮ ಆಫೀಸಿನಲ್ಲೂ ಊರಿನಿಂದ ಹೊಸದಾಗಿ ಬಂದು ಕಾಯುತ್ತಿರುವವರು ಇದ್ದಾರು. ನಾಳಿನ ಮೀಟಿಂಗಿಗೆ ಅವರನ್ನೂ ಕರೆಯಿರಿ.